ಹೊಸದುರ್ಗ ರೋಡಿಗೆ ಹೂಂಗುಟ್ಟಿದ್ದು

ಲೀಗು ಶುರುವಾಗಲು ಇನ್ನು ಮೂರು ವಾರವಿತ್ತು. ಒಂದು ಭಾನುವಾರ ಬೆಳಿಗ್ಗೆ ನಮ್ಮ ಕೋಚ್ ಮೇಷ್ಟ್ರು ದುರ್ಗದ ಮೈದಾನಕ್ಕೆ ಬೈಕಿನಲ್ಲಿ ಬಂದಿಳಿದರು. ಹಿಂದಿನ ಸೀಟಿನಲ್ಲಿ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಒಬ್ಬ ಕುರಿಗಾಹಿ ಕೂತಿದ್ದ. ವಯಸ್ಸು ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು. ಗಟ್ಟಿಮುಟ್ಟಾದ ಆಳು, ಕುತ್ತಿಗೆ ದಪ್ಪ, ಕೈ ಉದ್ದ.

"ಇವನ ಕೈ ಒಂಚೂರು ನೋಡ್ರಪ್ಪ" ಎಂದರು ಮೇಷ್ಟ್ರು.

ಆದದ್ದಿಷ್ಟು. ಮೇಷ್ಟ್ರು ಮದಕರಿಪುರದ ಕಡೆಯಿಂದ ಬರುತ್ತಿದ್ದಾಗ ರಸ್ತೆಪಕ್ಕದಲ್ಲಿ ಕುರಿಮಂದೆಯೊಂದು ಯಾರದೋ ಶೇಂಗಾ ಹೊಲಕ್ಕೆ ನುಗ್ಗುವುದರಲ್ಲಿತ್ತು. ಇವನು ಅಷ್ಟು ದೂರದಿಂದ ಒಂದು ಕಲ್ಲು ಬೀಸಿದ. ಕಲ್ಲು ಮುಂದಿನ ಟಗರಿನ ಮೂತಿಯಿಂದ ಗೇಣು ದೂರದಲ್ಲಿ ಬಿತ್ತು. ಟಗರು ತಿರುಗಿತು, ಅದರ ಹಿಂದೆ ಇಡೀ ಮಂದೆ ತಿರುಗಿತು. ಮೇಷ್ಟ್ರು ಬೈಕ್ ನಿಲ್ಲಿಸಿ "ಇನ್ನೊಂದು ಸಲ ಹೊಡಿಯಪ್ಪ" ಅಂದರಂತೆ. ಇವನು ಇನ್ನೊಂದು ಸಲ ಹೊಡೆದು ತೋರಿಸಿದನಂತೆ. ಮಂದೆಯನ್ನು ತಮ್ಮನಿಗೆ ಒಪ್ಪಿಸಿ ಬಂದಿದ್ದ.

ಮೇಷ್ಟ್ರು ಚೆಂಡನ್ನು ಅವನ ಕೈಗಿಟ್ಟರು. ರಗ್ಬಿ ಚೆಂಡು ಗುಂಡಗಿರುವುದಿಲ್ಲ, ಉದ್ದುದ್ದಕ್ಕೆ ಇರುತ್ತದೆ. ನಮ್ಮ ಕಡೆ ಜನ ಅದಕ್ಕೆ ಕುಂಬಳಕಾಯಿ ಅಂತಲೇ ಹೆಸರಿಟ್ಟಿದ್ದಾರೆ, ನಾವು ಆಡುವುದಕ್ಕೆ ಕುಂಬಳಕಾಯಿ ಆಟ. ಅವನು ಅದನ್ನು ತಿರುವಿ ಮುರುವಿ ನೋಡಿ, ಮೂಸಿ, "ಇದ್ರಾಗೆ ಗಾಳಿ ಎಲ್ಲಿಂದ ತುಂಬ್ತೀರಿ?" ಎಂದು ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನ ವಿಷಯದಲ್ಲಿ ನಾನು ಮನಸ್ಸು ಬಿಚ್ಚಿ ನಕ್ಕದ್ದು ಅದೇ ಕೊನೆ.

ನನ್ನ ಕೆಲಸ ಏನೆಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಒಂದು ತಂಡದಲ್ಲಿ ಹದಿನೈದು ಜನ. ಅದರಲ್ಲಿ ಎರಡನೇ ನಂಬರಿನ ಜೆರ್ಸಿ ಹಾಕುವವನಿಗೆ ಹೂಕರ್ ಎನ್ನುತ್ತಾರೆ. ಎರಡೂ ತಂಡದವರು ಹೆಗಲಿಗೆ ಹೆಗಲು ಕೊಟ್ಟು ತಳ್ಳಾಡುವಾಗ ನಡುವೆ ನಿಂತು ಚೆಂಡನ್ನು ಕಾಲಿನಿಂದ ಹಿಂದಕ್ಕೆ ಎಳೆದುಕೊಳ್ಳುವವನು ಅವನೇ. ಚೆಂಡು ಪಕ್ಕದ ಗೆರೆ ದಾಟಿ ಹೊರಗೆ ಹೋದಾಗ ಅದನ್ನು ಒಳಗೆ ಎಸೆಯುವವನೂ ಅವನೇ. ಎರಡು ತಂಡದವರು ಎದುರುಬದುರು ಎರಡು ಸಾಲು ನಿಲ್ಲುತ್ತಾರೆ, ಸಾಲುಗಳ ಮಧ್ಯೆ ಒಂದು ಮೀಟರು ಜಾಗ. ಆ ಓಣಿಯೊಳಗೆ ಚೆಂಡು ನೇರವಾಗಿ ಹೋಗಬೇಕು. ನಮ್ಮ ಸಾಲಿನ ಒಬ್ಬನನ್ನು ಇಬ್ಬರು ತೊಡೆ ಹಿಡಿದು ಮೇಲಕ್ಕೆತ್ತುತ್ತಾರೆ. ಅವನ ಕೈ ಮೇಲಕ್ಕೆ ಮುಟ್ಟುವ ಹೊತ್ತಿಗೆ ಸರಿಯಾಗಿ ಚೆಂಡು ಅಲ್ಲಿರಬೇಕು. ಒಂದು ಕ್ಷಣ ಮೊದಲಾದರೂ ಕೆಟ್ಟಿತು, ತಡವಾದರೂ ಕೆಟ್ಟಿತು.

ಆ ಎಸೆತ ನನ್ನದು. ಹನ್ನೊಂದು ವರ್ಷದಿಂದ ನನ್ನದು. ನಾನು ಚಿಕ್ಕಜಾಜೂರಿನಲ್ಲಿ ರೈಲ್ವೆ ಕೀಮನ್. ಬೆಳಿಗ್ಗೆ ಸುತ್ತಿಗೆ, ಸ್ಪ್ಯಾನರ್ ಹೊತ್ತು ನನ್ನ ಪಾಲಿನ ಹಳಿಯುದ್ದಕ್ಕೂ ನಡೆದು, ಹಳಿಯನ್ನು ಹಿಡಿದಿಡುವ ಕಬ್ಬಿಣದ ಕೀ ಸಡಿಲಾದದ್ದು ಕಂಡಲ್ಲಿ ಹೊಡೆದು ಬಿಗಿ ಮಾಡುವುದು ಕೆಲಸ. ಡ್ಯೂಟಿ ಮುಗಿದ ಮೇಲೆ ಕ್ವಾರ್ಟರ್ಸ್ ಹಿಂದಿನ ನೀರಿನ ಟ್ಯಾಂಕಿನ ಕಂಬಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ದಿನಕ್ಕೆ ನೂರು ಸಲ ಎಸೆಯುತ್ತಿದ್ದೆ. "ಆ ಕಂಬದ ಮುಖ ನೋಡಿದಷ್ಟು ನನ್ ಮುಖ ನೋಡಿಲ್ಲ ನೀವು" ಎಂದು ನನ್ನ ಹೆಂಡತಿ ಎಷ್ಟೋ ಸಲ ಅಂದಿದ್ದಾಳೆ.

ಮೇಷ್ಟ್ರು ಕುರಿಗಾಹಿಯನ್ನು ಗೆರೆಯ ಮೇಲೆ ನಿಲ್ಲಿಸಿದರು. ನಮ್ಮ ಕ್ಯಾಪ್ಟನ್ ಆರಡಿ ಮೂರಂಗುಲದ ಆಳು, ಬಸ್ ಕಂಡಕ್ಟರ್. ಅವನನ್ನು ಇಬ್ಬರು ಎತ್ತಿದರು. ಕುರಿಗಾಹಿ ಮೊದಲ ಚೆಂಡನ್ನು ತಲೆಯ ಮೇಲಿಂದ ಬೀಸಿದ. ಅದು ಹೋಗಿ ಕ್ಯಾಪ್ಟನ್ನನ ಎರಡೂ ಅಂಗೈ ನಡುವೆ ಕೂತಿತು. ಎರಡನೆಯದೂ ಹಾಗೇ. ನಾಲ್ಕನೆಯದಕ್ಕೆ ಎಲ್ಲರೂ ಚಪ್ಪಾಳೆ ಹೊಡೆದರು. ಅಷ್ಟು ನೇರ ಎಸೆಯುವುದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿದಿತ್ತು. ಅಯ್ಯೋ, ನಿಜ ಹೇಳುತ್ತೇನೆ, ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಯಿತು. ನಾನು ಚಪ್ಪಾಳೆ ಹೊಡೆಯಲಿಲ್ಲ, ಬಗ್ಗಿ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿದೆ.

ನಮ್ಮದು ಕೆಳಗಿನ ದರ್ಜೆಯ ಲೀಗು. ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂದು ನಾಲ್ಕೇ ತಂಡ. ಒಬ್ಬೊಬ್ಬರ ಜೊತೆ ಎರಡೆರಡು ಸಲ, ಒಟ್ಟು ಆರು ಪಂದ್ಯ. ಮೊದಲು ಬಂದ ತಂಡ ಮುಂದಿನ ವರ್ಷ ಮೇಲಿನ ದರ್ಜೆಗೆ ಹೋಗಿ ದೊಡ್ಡ ಊರುಗಳ ತಂಡಗಳೊಡನೆ ಆಡುತ್ತದೆ. ನಾವು ಮೂರು ವರ್ಷ ಎರಡನೆಯ ಸ್ಥಾನಕ್ಕೇ ಅಂಟಿಕೊಂಡಿದ್ದೆವು. ನನಗೆ ಮೂವತ್ತೈದಾಗಿತ್ತು, ಇದೇ ಕೊನೆ ಎಂದು ಹೆಂಡತಿಗೆ ಮಾತು ಕೊಟ್ಟಿದ್ದೆ. ಆ ಎರಡನೇ ನಂಬರ್ ಜೆರ್ಸಿ ಮೈಮೇಲಿರುವಾಗಲೇ ತಂಡ ಮೇಲೆ ಹೋಗಬೇಕು, ಅಷ್ಟೇ ನನ್ನ ಆಸೆ. ಬೇರೆ ಯಾವನದೋ ಮೈಮೇಲಿದ್ದಾಗ ಅಲ್ಲ.

"ಏನಪ್ಪ, ಎಸೆಯೋದು ನೀನೇ ಕಲಿಸ್ಬೇಕು ಇವನಿಗೆ. ನಿನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ" ಎಂದರು ಮೇಷ್ಟ್ರು. ಹೊಗಳಿ ಹೊಗಳಿಯೇ ಹಳ್ಳಕ್ಕೆ ತಳ್ಳುವುದು ಅವರ ಹಳೆಯ ಚಾಳಿ.

ಹೀಗಾಗಿ ಬುಧವಾರ ಬುಧವಾರ ಡ್ಯೂಟಿ ಮುಗಿಸಿ ರೈಲು ಹಿಡಿದು ದುರ್ಗಕ್ಕೆ ಹೋಗುವುದು, ನನ್ನ ಜಾಗಕ್ಕೆ ಬರುವವನನ್ನು ನಾನೇ ತಿದ್ದುವುದು. ಗೆರೆ ತುಳಿಯಬಾರದು ಎಂದೆ, ತುಳಿಯಲಿಲ್ಲ. ಒದ್ದೆ ಚೆಂಡನ್ನು ಒರೆಸಿಕೊಂಡೇ ಎಸೆ ಎಂದೆ, ಪ್ರತಿ ಸಲ ಕಂಬಳಿಯ ಅಂಚಿಗೆ ಒರೆಸಿದ. ಎತ್ತುವವರ ಕೈ ನೋಡಬೇಡ, ಹಾರುವವನ ಮೊಣಕಾಲು ನೋಡು, ಅದು ಬಗ್ಗಿದಾಗ ಬಿಡು ಎಂದೆ. ಇದು ನಾನು ಐದು ವರ್ಷ ಸೋತು ಕಂಡುಕೊಂಡ ಗುಟ್ಟು. ಅವನು "ಟಗರು ಹಾಯೋಕೆ ಬರೋವಾಗ್ಲೂ ಹಂಗೇ ಅಲ್ವಾ ಅಣ್ಣ, ಮೊದ್ಲು ಮಂಡಿ ಬಗ್ಗುಸ್ತೈತೆ" ಎಂದ. ಐದು ವರ್ಷದ ಗುಟ್ಟು ಅವನಿಗೆ ಮನೆಯ ಮಾತಾಗಿತ್ತು. ಮೈ ಪರಚಿಕೊಳ್ಳುವಂತಾಯಿತು ನನಗೆ.

ಅಣ್ಣ ಅಣ್ಣ ಎನ್ನುತ್ತಿದ್ದ ಬೇರೆ. ಸ್ವಲ್ಪ ಸೊಕ್ಕಿನವನಾಗಿದ್ದರೆ ಎಷ್ಟು ಚೆನ್ನಾಗಿತ್ತು, ನೆಮ್ಮದಿಯಾಗಿ ದ್ವೇಷ ಮಾಡಬಹುದಿತ್ತು.

ಉಳಿದದ್ದು ಕರೆ. ಎಸೆಯುವ ಮೊದಲು ಚೆಂಡು ಯಾರಿಗೆ ಎಂದು ಕ್ಯಾಪ್ಟನ್ ಒಂದು ಗುಟ್ಟಿನ ಪದ ಕೂಗುತ್ತಾನೆ. ಎದುರಾಳಿಗೆ ಅರ್ಥವಾಗಬಾರದು, ನಮ್ಮವರಿಗೆ ಅರ್ಧ ಕ್ಷಣದಲ್ಲಿ ಆಗಬೇಕು. ನಮ್ಮ ತಂಡದ ಪದಗಳನ್ನು ಕಟ್ಟಿದವನು ನಾನೇ. ಚಿಕ್ಕಜಾಜೂರು ಜಂಕ್ಷನ್ನಿನಿಂದ ಮೂರು ಕಡೆ ರೈಲು ಹೋಗುತ್ತದೆ. ದುರ್ಗದ ಲೈನಿನ ಸ್ಟೇಷನ್ ಹೆಸರು ಕೂಗಿದರೆ ಚೆಂಡು ಸಾಲಿನ ಮುಂದಿನವನಿಗೆ. ಬೀರೂರು ಲೈನಿನದು ಕೂಗಿದರೆ ನಡುವಿನವನಿಗೆ. ದಾವಣಗೆರೆ ಲೈನಿನದು ಕೂಗಿದರೆ ಹಿಂದಿನವನಿಗೆ. ಚಳ್ಳಕೆರೆ ಅಂದರೆ ಮುಂದೆ, ಅಜ್ಜಂಪುರ ಅಂದರೆ ನಡುವೆ, ಮಾಯಕೊಂಡ ಅಂದರೆ ಹಿಂದೆ. ಇದನ್ನು ಯಾವ ತಂಡವೂ ಇವತ್ತಿನವರೆಗೆ ಒಡೆದಿಲ್ಲ. ನನಗೆ ಅದರ ಬಗ್ಗೆ ಜಂಬವೂ ಇತ್ತು, ಇರಲಿ.

ಅದರಲ್ಲಿ ಒಂದು ಕರೆಯನ್ನು ನಾವು ಜೋಪಾನವಾಗಿಟ್ಟಿದ್ದೆವು, 'ಹೊಸದುರ್ಗ ರೋಡ್'. ಬೀರೂರು ಲೈನಿನ ಸ್ಟೇಷನ್ನು, ಎಂದರೆ ನಡುವೆ. ಎದುರಾಳಿಯ ಗೋಲ್ ಗೆರೆಗೆ ಐದು ಮೀಟರು ಇದ್ದಾಗ ಮಾತ್ರ ಕ್ಯಾಪ್ಟನ್ ಅದನ್ನು ಕೂಗುತ್ತಿದ್ದ. ತಾನೇ ನಡುವೆ ಹಾರಿ ಚೆಂಡು ಹಿಡಿದು ಇಳಿಯುತ್ತಿದ್ದಂತೆ ನಮ್ಮ ಸಾಲಿನ ಎಂಟೂ ಜನ ಅವನಿಗೆ ಅಂಟಿಕೊಂಡು ಗೋಡೆಯ ಹಾಗೆ ತಳ್ಳಿಕೊಂಡು ಗೆರೆ ದಾಟುವುದು. ಭಾನುವಾರದ ಅಭ್ಯಾಸದಲ್ಲೂ ಇದನ್ನು ಹೆಚ್ಚು ಆಡುತ್ತಿರಲಿಲ್ಲ. ನೋಡುವವರು ಇರುತ್ತಾರಲ್ಲ.

ಮೊದಲ ಬುಧವಾರವೇ ಪಟ್ಟಿಯನ್ನೆಲ್ಲ ಅವನಿಗೆ ಗಡಗಡ ಒದರಿದ್ದೆ. ಅವನು ಜನ್ಮದಲ್ಲಿ ರೈಲು ಹತ್ತಿದವನಲ್ಲ. "ರೈಲು ಕೂಗಿದ್ರೆ ಕುರಿ ಚದುರ್ತವೆ ಅಣ್ಣ. ನಾವು ಹಳಿ ಹತ್ರಾನೇ ಸುಳಿಯಲ್ಲ" ಎಂದಿದ್ದ. ಎರಡನೇ ಬುಧವಾರ ಒಪ್ಪಿಸು ಎಂದೆ.

"ಚಳ್ಳಕೆರೆ?"

"ಮುಂದೆ."

"ಮಾಯಕೊಂಡ?"

"ಹಿಂದೆ."

"ಅಜ್ಜಂಪುರ?"

"ನಡುವೆ."

"ಹೊಸದುರ್ಗ ರೋಡ್?"

"ಮುಂದೆ" ಎಂದ. ನಾನು ಅವನ ಮುಖ ನೋಡಿದೆ. ಅವನು ವಿವರಿಸಿದ: "ಹೊಸದುರ್ಗದ ರೋಡು ನಮ್ ದುರ್ಗದಿಂದ್ಲೇ ತಾನೇ ಹೊಂಡೋದು? ಎಷ್ಟು ಸಲ ಕುರಿ ಹೊಡ್ಕಂಡು ಹೋಗಿಲ್ಲ ಆ ರೋಡಿನಾಗೆ. ದುರ್ಗದ ಕಡೇದು ಅಂದ್ರೆ ಮುಂದೆ. ಹೌದಲ್ವಾ ಅಣ್ಣ?"

ಅವನಿಗೆ ಅದು ಸ್ಟೇಷನ್ ಎಂದೇ ಹೊಳೆದಿರಲಿಲ್ಲ. ಕಾಲಿನಲ್ಲಿ ನಡೆದ ರಸ್ತೆಯನ್ನು ಹೇಳುತ್ತಿದ್ದ. ನಡೆದು ನಡೆದು ಊರು ಕಂಡವನು ಮಾತ್ರ ಮಾಡುವ ತಪ್ಪು. 'ಅಲ್ಲ ಕಣೋ, ಅದು ಸ್ಟೇಷನ್ನು, ಬೀರೂರು ಲೈನು, ನಡುವೆ' ಎಂದರೆ ಮುಗಿದಿತ್ತು.

"ಹೂಂ" ಎಂದೆ.

ಮರೆತು ಅಂದೆನೆ? ಇಲ್ಲ. ಸುಸ್ತಾಗಿತ್ತೆ? ಅದೂ ಇಲ್ಲ. ಗೊತ್ತಿದ್ದೇ ಅಂದೆ. ಕೀ ಸಡಿಲಾಗಿದ್ದನ್ನು ಕಣ್ಣಾರೆ ಕಂಡು, ಕೈಯಲ್ಲಿ ಸುತ್ತಿಗೆ ಇದ್ದೂ, ಹೊಡೆಯದೆ ಮುಂದೆ ನಡೆದ ಹಾಗೆ. ಹನ್ನೊಂದು ವರ್ಷದ ಎಸೆತ ಹೋಗುತ್ತಿತ್ತು, ಏನಾದರೊಂದು ಅವನಿಗೆ ತಿಳಿಯದ್ದು ನನ್ನ ಹತ್ತಿರ ಉಳಿಯಲಿ ಎನ್ನಿಸಿತ್ತು.

ಹೊಳಲ್ಕೆರೆಯ ವಿರುದ್ಧ ಮೊದಲ ಪಂದ್ಯ ಪೂರ್ತಿ ನಾನೇ ಆಡಿದೆ, ಗೆದ್ದೆವು. ಎರಡನೆಯದು ಹೊಸದುರ್ಗದಲ್ಲಿ. ಗಾಳಿ ಹುಚ್ಚು ಹಿಡಿದಂತೆ ಬೀಸುತ್ತಿತ್ತು. ನನ್ನ ಎರಡು ಎಸೆತ ಓಣಿ ಬಿಟ್ಟು ಸೊಟ್ಟ ಹೋದವು, ರೆಫ್ರಿ ಸೀಟಿ ಊದಿದ. ಅರ್ಧ ಸಮಯಕ್ಕೆ ಮೇಷ್ಟ್ರು ನನ್ನನ್ನು ಕೂರಿಸಿ ಕುರಿಗಾಹಿಯನ್ನು ಇಳಿಸಿದರು. ಅದೇ ಗಾಳಿಯಲ್ಲಿ ಅವನು ಎಸೆದದ್ದೆಲ್ಲ ನಮ್ಮವರ ಕೈಗೇ ಬಂತು. ಗೆದ್ದೆವು. ಮೂರನೆಯ ಪಂದ್ಯಕ್ಕೆ ಎರಡನೇ ನಂಬರಿನ ಜೆರ್ಸಿ ಅವನಿಗೆ ಹೋಯಿತು, ನನಗೆ ಹದಿನಾರು. ಹದಿನಾರು ಎಂದರೆ ಬೆಂಚು.

ಬೆಂಚಿನ ಮೇಲೆ ಕೂತವನ ಮನಸ್ಸು ಎಷ್ಟು ಕೊಳಕಾಗಬಹುದು ಎಂದು ನನಗೆ ಆಗಲೇ ಗೊತ್ತಾದದ್ದು. ಅವನು ಪ್ರತಿ ಸಲ ಚೆಂಡು ಎತ್ತಿದಾಗ 'ಸೊಟ್ಟ ಹೋಗಲಿ' ಎಂದು ಬಾಯೊಳಗೇ ಅನ್ನುತ್ತಿದ್ದೆ. ನಮ್ಮದೇ ತಂಡ! ಹಿರಿಯೂರಿನವರ ಜೊತೆ ಆ ಪಂದ್ಯ ಸಮವಾಯಿತು, ಹೊಳಲ್ಕೆರೆಯನ್ನು ಮತ್ತೆ ಸೋಲಿಸಿದೆವು. ಬಸ್ಸಿನಲ್ಲಿ ಯಾವಾಗಲೂ ನನ್ನ ಪಕ್ಕ ಕೂರುತ್ತಿದ್ದ ಕ್ಯಾಪ್ಟನ್ ಈಗ ಅವನ ಪಕ್ಕ ಕೂರತೊಡಗಿದ. ಕುರಿಗಾಹಿ ಮನೆಯಿಂದ ಬೇಯಿಸಿದ ಶೇಂಗಾ ಚೀಲ ತುಂಬ ತಂದು ಎಲ್ಲರಿಗೂ ಹಂಚಿದ. ನಾನು ಹೊಟ್ಟೆ ಸರಿಯಿಲ್ಲ ಎಂದೆ. ಮನೆಗೆ ಬಂದು ಹೆಂಡತಿಗೂ ಅದನ್ನೇ ಹೇಳಿದಾಗ ಅವಳು, "ಹೊಟ್ಟೆನೋವಲ್ಲ ಬಿಡ್ರಿ, ಹೊಟ್ಟೆಕಿಚ್ಚು. ಅದಕ್ಕೆ ಜೀರಿಗೆ ಕಷಾಯ ಹತ್ತಲ್ಲ" ಎಂದಳು.

ಇಷ್ಟರಲ್ಲಿ ಒಂದು ಸಲವೂ ಕ್ಯಾಪ್ಟನ್ 'ಹೊಸದುರ್ಗ ರೋಡ್' ಕೂಗಲಿಲ್ಲ. ಅಗತ್ಯ ಬಿದ್ದಿರಲಿಲ್ಲ.

ಐದನೆಯ ಪಂದ್ಯ ಹಿರಿಯೂರಿನವರ ಮೈದಾನದಲ್ಲಿ. ಅದು ಐಮಂಗಲದ ಹತ್ತಿರ, ಹೈವೇ ಪಕ್ಕದಲ್ಲೇ. ಲಾರಿಗಳ ಹಾರ್ನಿಗೆ ಪಕ್ಕದವನು ಮಾತಾಡಿದ್ದೂ ಕೇಳುವುದಿಲ್ಲ. ನಾವೂ ಅವರೂ ಸಮಸಮ ನಿಂತಿದ್ದೆವು, ಅವತ್ತು ಗೆದ್ದವರು ಹೆಚ್ಚುಕಡಿಮೆ ಮೇಲೆ ಹೋದಂತೆಯೇ. ಕೊನೆಯ ನಿಮಿಷಕ್ಕೆ ನಾವು ನಾಲ್ಕು ಪಾಯಿಂಟ್ ಹಿಂದಿದ್ದೆವು. ಚೆಂಡು ಹೊತ್ತು ಗೋಲ್ ಗೆರೆಯಾಚೆ ಊರಿದರೆ ಐದು ಪಾಯಿಂಟ್. ಅಷ್ಟರಲ್ಲಿ ಹಿರಿಯೂರಿನವನೊಬ್ಬ ತಪ್ಪು ಮಾಡಿ ನಮಗೆ ಪೆನಾಲ್ಟಿ ಸಿಕ್ಕಿತು. ಹಾಗೆ ಸಿಕ್ಕಾಗ ಚೆಂಡನ್ನು ನಾವೇ ಹೊರಗೆ ಒದ್ದರೂ ಎಸೆತ ನಮ್ಮದೇ. ಕ್ಯಾಪ್ಟನ್ ಚೆಂಡನ್ನು ಒದ್ದು ಅವರ ಗೋಲಿನಿಂದ ಐದು ಮೀಟರಿಗೆ ಪಕ್ಕದ ಗೆರೆ ದಾಟಿಸಿದ. ಅದು ಬಂದು ಬಿದ್ದದ್ದು ನಾನು ಬೆಂಚು ಬಿಟ್ಟು ಎದ್ದು ಮೈ ಬಿಸಿ ಮಾಡಿಕೊಳ್ಳುತ್ತಿದ್ದ ಕಡೆಗೇ.

ಕುರಿಗಾಹಿ ಬಂದು ನನ್ನ ಮುಂದೆ ಗೆರೆಯ ಮೇಲೆ ನಿಂತ. ನಮ್ಮಿಬ್ಬರ ನಡುವೆ ಎರಡು ಮಾರು ದೂರ. ಅವನು ಚೆಂಡನ್ನು ಜೆರ್ಸಿಗೆ ಒರೆಸಿಕೊಂಡ. ಬೆನ್ನ ಮೇಲಿನ '2' ನನ್ನ ಕಣ್ಣೆದುರಿಗಿತ್ತು. ಕ್ಯಾಪ್ಟನ್ ಕೂಗಿದ:

"ಹೊಸದುರ್ಗ ರೋಡ್! ಹೊಸದುರ್ಗ ರೋಡ್!"

'ನಡುವೆ' ಎಂದು ಒಂದು ಪದ ಉಸುರಿದ್ದರೆ ಅವನಿಗೆ ಕೇಳಿಸುತ್ತಿತ್ತು. ಬಾಯಿ ತೆರೆದಿದ್ದೆ ಕೂಡ. ಕಣ್ಣು ಮಾತ್ರ ಆ ನಂಬರಿನ ಮೇಲೆ ನೆಟ್ಟಿತ್ತು, ಮಾತು ಹೊರಡಲಿಲ್ಲ. ಅವನು ಬೀಸಿದ. ಅಬ್ಬಾ, ಎಂಥ ಎಸೆತ! ದಾರ ಹಿಡಿದಂತೆ ನೇರ, ಸಾಲಿನ ಮುಂದಿನವನ ತಲೆಯ ಮೇಲಕ್ಕೆ. ಅಲ್ಲಿ ನಮ್ಮವರು ಯಾರೂ ಹಾರಿರಲಿಲ್ಲ. ನಡುವೆ ಕ್ಯಾಪ್ಟನ್ ಬರಿಗೈ ಚಾಚಿಕೊಂಡು ಗಾಳಿಯಲ್ಲಿದ್ದ. ಹಿರಿಯೂರಿನ ಮುಂದಿನವನು ಎಟುಕಿಸಿಕೊಂಡು, ಹಿಂದಕ್ಕೆ ಕೊಟ್ಟು, ಅವರು ದೂರಕ್ಕೆ ಒದ್ದರು. ಸೀಟಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಕ್ಯಾಪ್ಟನ್ ನೆಲಕ್ಕೆ ಕುಸಿದು ಕೂತವನು ಎದ್ದು ಬಂದು ಕುರಿಗಾಹಿಯ ಜೆರ್ಸಿಗೆ ಕೈ ಹಾಕಿದ. "ಲೇ, ಹೊಸದುರ್ಗ ರೋಡ್ ಅಂದ್ರೆ ಎಲ್ಲೋ?"

"ಮುಂದೆ ಅಲ್ವೇನ್ರಿ?"

"ನಡುವೆ ಕಣೋ, ನಡುವೆ! ಯಾವನು ಹೇಳ್ದ ನಿಂಗೆ ಮುಂದೆ ಅಂತ?"

ಅವನು ನನ್ನ ಕಡೆ ನೋಡಿದ. ಮೇಷ್ಟ್ರೂ ನೋಡಿದರು. "ಏನಪ್ಪ, ಸರಿಯಾಗಿ ಹೇಳ್ಕೊಟ್ಟಿದ್ಯಾ ಇಲ್ವಾ?"

"ಹೇಳ್ಕೊಟ್ಟಿದ್ದೆ ಸಾರ್" ಎಂದೆ. ಸುಳ್ಳಲ್ಲ ನೋಡಿ. ಮೊದಲ ದಿನ ಒದರಿದ ಪಟ್ಟಿಯಲ್ಲಿ ಸರಿಯಾಗಿಯೇ ಹೇಳಿದ್ದೆ. ಆ ಕ್ಷಣಕ್ಕೆ ಆ ಲೆಕ್ಕಾಚಾರವೂ ನನ್ನ ತಲೆಯಲ್ಲಿ ಓಡಿತ್ತು.

ಕುರಿಗಾಹಿ ತಲೆ ತಗ್ಗಿಸಿದ. "ಅಣ್ಣ ಹೇಳಿರ್ತಾರೆ ಸಾರ್. ನನ್ ತಲಿಗೇ ಹತ್ತಿಲ್ಲ ಅನ್ಸುತ್ತೆ."

"ಕುರಿ ಕಾಯೋನಿಗೆ ಇವೆಲ್ಲ ಎಲ್ಲಿಂದ ಬರ್ಬೇಕು" ಎಂದು ಯಾರೋ ಅಂದರು. ಒಂದಿಬ್ಬರು ನಕ್ಕರು. ನಾನು ಸುಮ್ಮನಿದ್ದೆ. ಮೇಷ್ಟ್ರು ಅವನಿಂದ ಜೆರ್ಸಿ ಬಿಚ್ಚಿಸಿ ನನ್ನ ಕೈಗೆ ಕೊಟ್ಟು, ಕೊನೆಯ ಪಂದ್ಯಕ್ಕೆ ನೀನೇ ಎಂದರು. ತಿಂಗಳಿಂದ ಯಾವುದಕ್ಕೆ ಹಲುಬಿದ್ದೆನೋ ಅದು ತೊಡೆಯ ಮೇಲೆ ಇತ್ತು, ಬೆವರಿನಲ್ಲಿ ತೊಯ್ದು, ಕುರಿ ಉಣ್ಣೆಯ ವಾಸನೆ ಹೊಡೆಯುತ್ತ. ಬಸ್ಸಿನಲ್ಲಿ ಕ್ಯಾಪ್ಟನ್ ಮತ್ತೆ ನನ್ನ ಪಕ್ಕ ಬಂದು ಕೂತ. ಕುರಿಗಾಹಿ ಹಿಂದಿನ ಸೀಟಿನಲ್ಲಿ ಒಬ್ಬನೇ ಇದ್ದ. ಖುಷಿಯಾಯಿತೇ ಎಂದರೆ, ಆಯಿತು. ದುರ್ಗದ ಕೋಟೆ ಕಾಣುವವರೆಗೆ ಆಯಿತು.

ಮನೆಯಲ್ಲಿ ಹೆಂಡತಿಗೆ ಹೂಂ ಅಂದದ್ದೊಂದು ಬಿಟ್ಟು ನಡೆದದ್ದೆಲ್ಲ ಹೇಳಿದೆ. ಅವಳು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು.

"ಮೂರು ಸಲ ಆಯ್ತು" ಎಂದಳು.

"ಏನು?"

"ನಂದೇನು ತಪ್ಪಿಲ್ಲ ಅಂದಿದ್ದು. ನಾನು ಕೇಳೇ ಇಲ್ವಲ್ರಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕಂಡ್ನಂತೆ."

ನಾನು ರೇಗಿ ಎದ್ದುಹೋದೆ. ಬುಧವಾರ ಅಭ್ಯಾಸಕ್ಕೆ ಹೋದರೆ ಕುರಿಗಾಹಿ ಬಂದಿರಲಿಲ್ಲ. ಮಾರನೆಯ ದಿನ ಹಳಿಯ ಮೇಲೆ ನಡೆಯುವಾಗ ಒಂದು ಕೀ ಹೊರಗೆ ಜರುಗಿದ್ದು ಕಂಡಿತು. ಎರಡು ಪೆಟ್ಟು ಹಾಕಿದೆ, ಕೂತಿತು. ಈ ಕೆಲಸದಲ್ಲಿ ಇಷ್ಟು ವರ್ಷ ಒಂದನ್ನೂ ನಾನು ಕಂಡೂ ಬಿಟ್ಟು ಹೋದವನಲ್ಲ. ಅಲ್ಲೇ ಹಳಿಯ ಮೇಲೆ ಕೂತುಬಿಟ್ಟೆ. ನಾಳೆ ರಜೆ ಹಾಕಿ ಮದಕರಿಪುರಕ್ಕೆ ಹೋಗುವುದೆಂದು ಅಲ್ಲೇ ನಿರ್ಧಾರ ಮಾಡಿದೆ.

ಊರಾಚೆ ಕುರಿ ಮೇಯಿಸುತ್ತಿದ್ದ. ನನ್ನನ್ನು ಕಂಡು ಗಾಬರಿಯಾಗಿ, "ಬರ್ರಿ ಅಣ್ಣ, ಕುಂತ್ಕಳ್ರಿ" ಎಂದು ಕಂಬಳಿ ಹಾಸಿದ. ಕೂರಲು ನನಗೆ ಮುಖವಿರಲಿಲ್ಲ.

"ಒಂದು ಜಾಗ ತೋರಿಸ್ಬೇಕು ನಿಂಗೆ. ರೈಲಿನಾಗೆ ಹೋಗಾಣ ಬಾ" ಎಂದೆ.

ತಮ್ಮನನ್ನು ಕರೆದು ಮಂದೆ ಒಪ್ಪಿಸಿ ಹೊರಟ. ದುರ್ಗದಲ್ಲಿ ರೈಲು ಹತ್ತಿದೆವು, ಚಿಕ್ಕಜಾಜೂರಿನಲ್ಲಿ ಬೀರೂರು ಕಡೆಯದಕ್ಕೆ ಬದಲಾಯಿಸಿದೆವು. ಅವನು ಕಿಟಕಿಯ ಸರಳು ಬಿಗಿಯಾಗಿ ಹಿಡಿದು, ಒಂದೊಂದು ಸ್ಟೇಷನ್ನಿನ ಹಳದಿ ಬೋರ್ಡನ್ನೂ ಜೋರಾಗಿ ಓದುತ್ತಿದ್ದ. ನಾನು ಇಳಿ ಎಂದ ಕಡೆ ಇಳಿದ. ಪ್ಲಾಟ್‌ಫಾರಂ ಮೇಲಿನ ಬೋರ್ಡ್ ಓದಿದ.

"ಹೊಸದುರ್ಗ ರೋಡ್." ಸುತ್ತ ನೋಡಿದ. "ಹೊಸದುರ್ಗ ಎಲ್ಲೈತೆ?"

"ಇಲ್ಲಿಲ್ಲ. ಇಲ್ಲಿಂದ ಬಸ್ಸಿನಾಗೆ ಹೋಗ್ಬೇಕು. ಇದು ಬರೀ ಸ್ಟೇಷನ್ನು."

ಅವನಿಗೆ ನಗು ತಡೆಯಲಾಗಲಿಲ್ಲ. "ಊರೇ ಇಲ್ದಿರೋ ಕಡೆ ಊರಿನ ಹೆಸ್ರು ಬರ್ಕಂಡು ಕುಂತವ್ರಲ್ಲ ಅಣ್ಣ! ಅದಕ್ಕೆ ನಂಗೆ ಗೊತ್ತಾಗ್ಲಿಲ್ಲ. ಬೀರೂರು ಲೈನು ಅಂದ್ರೆ ನಡುವೆ. ಸರಿ ಸರಿ." ನಗುತ್ತ ನಗುತ್ತ ಅವನ ಮುಖ ನಿಧಾನಕ್ಕೆ ಬದಲಾಯಿತು. "ಅವತ್ತು ನಾನು ಮುಂದೆ ಅಂದೆ. ನೀವು ಹೂಂ ಅಂದ್ರಿ."

"ಹೂಂ ಅಂದೆ."

"ಗೊತ್ತಿದ್ದೇ ಅಂದ್ರಾ?"

"ಗೊತ್ತಿದ್ದೇ ಅಂದೆ."

"ಯಾಕಣ್ಣ?"

"ಹೊಟ್ಟೆಕಿಚ್ಚು ಕಣಪ್ಪ. ನಂಗೆ ಎರಡು ವರ್ಷ ಹಿಡಿದದ್ದು ನಿಂಗೆ ಒಂದು ಬೆಳಿಗ್ಗೆ ಬಂತು. ತಡ್ಕಳಕ್ಕಾಗ್ಲಿಲ್ಲ."

ಬೈದಿದ್ದರೆ, ಹೊಡೆದಿದ್ದರೆ ನನಗೆ ಹಗುರಾಗುತ್ತಿತ್ತು. ಅವನು ಬೋರ್ಡಿನ ಕಡೆ ತಿರುಗಿದ. "ಕುರಿ ಕಾಯೋನು ಅಂತ ಅವ್ರು ನಕ್ಕಾಗ ನೀವು ಅಲ್ಲೇ ಇದ್ರಿ" ಎಂದ. ಕಂಬಳಿ ಹೆಗಲಿಗೆ ಎಳೆದುಕೊಂಡು ಸ್ಟೇಷನ್ನಿನ ಹೊರಬಾಗಿಲ ಕಡೆ ನಡೆದ. ವಾಪಸ್ ರೈಲು ಇನ್ನು ಅರ್ಧ ಗಂಟೆಗೆ ಐತೆ ಎಂದು ಕೂಗಿದೆ.

"ರೈಲು ಬ್ಯಾಡ" ಎಂದ, ತಿರುಗಿ ನೋಡದೆ. "ರೋಡು ನಂಗೊತ್ತು."

ಶನಿವಾರ ಮೈದಾನದಲ್ಲಿ ಎಲ್ಲರನ್ನೂ ಕೂರಿಸಿ ಹೇಳಿದೆ. ಪಟ್ಟಿ ಒದರಿದ್ದು, ಅವನು ತಪ್ಪು ಹೇಳಿದ್ದು, ನಾನು ಹೂಂ ಅಂದದ್ದು, ಐಮಂಗಲದಲ್ಲಿ ಎರಡು ಮಾರು ಹಿಂದೆ ನಿಂತೂ ಬಾಯಿ ಬಿಡದಿದ್ದದ್ದು. ಹೇಳಿ ಮುಗಿಸಿ ಜೆರ್ಸಿಯನ್ನು ಮೇಷ್ಟ್ರ ಮುಂದೆ ಇಟ್ಟೆ. ಕ್ಯಾಪ್ಟನ್ ಪಕ್ಕಕ್ಕೆ ಉಗಿದು ಎದ್ದುಹೋದ. ಇವತ್ತಿಗೂ ಅವನು ನನ್ನ ಜೊತೆ ಮಾತಾಡುವುದು ಅಷ್ಟಕ್ಕಷ್ಟೆ.

ಮೇಷ್ಟ್ರು ಜೆರ್ಸಿ ಮಡಿಸಿ ಕಂಕುಳಲ್ಲಿಟ್ಟುಕೊಂಡು, "ಹನ್ನೊಂದು ವರ್ಷ ಆಡಿದ್ದೀಯ. ಮನೆಗೆ ಹೋಗು ಅನ್ನಲ್ಲ. ನಾಳೆ ಬಾ. ನೀರಿನ ಬಾಟ್ಲಿ ಹಿಡ್ಕ" ಎಂದರು. ಆಮೇಲೆ ಬೈಕ್ ಹತ್ತಿ ಮದಕರಿಪುರದ ಕಡೆ ಹೋದರು. ಅಲ್ಲಿ ಏನು ಮಾತಾಯಿತೋ ನನಗೆ ಯಾರೂ ಹೇಳಿಲ್ಲ. ಭಾನುವಾರ ಬೆಳಿಗ್ಗೆ ಅವನು ಬೈಕಿನ ಹಿಂದೆ ಕೂತು ಬಂದ.

ಕೊನೆಯ ಪಂದ್ಯ ನಮ್ಮ ಮೈದಾನದಲ್ಲಿ, ಹೊಸದುರ್ಗದ ವಿರುದ್ಧ. ನಾವು ಗೆಲ್ಲಬೇಕು, ಅತ್ತ ಹೊಳಲ್ಕೆರೆಯಲ್ಲಿ ಹಿರಿಯೂರಿನವರು ಸೋಲಬೇಕು, ಆಗ ಮಾತ್ರ ನಮಗೆ ದಾರಿ. ನಾನು ಬಾಟಲಿಗಳ ಬುಟ್ಟಿ ಹಿಡಿದು ಗೆರೆಯಾಚೆ ಓಡಾಡುತ್ತಿದ್ದೆ. ಕುರಿಗಾಹಿ ಎಂಟು ಹತ್ತು ಸಲ ಎಸೆದ, ಒಂದೂ ಹುಸಿ ಹೋಗಲಿಲ್ಲ. ಕೊನೆಯ ಹತ್ತು ನಿಮಿಷಕ್ಕೆ ನಾವು ಮೂರು ಪಾಯಿಂಟ್ ಹಿಂದೆ. ಚೆಂಡು ಅವರ ಗೋಲಿನ ಹತ್ತಿರ ಹೊರಗೆ ಹೋಯಿತು, ಎಸೆತ ನಮ್ಮದು. ಅವನು ನನ್ನ ಕಡೆಯ ಗೆರೆಗೇ ಬಂದು ನಿಂತ. ಕ್ಯಾಪ್ಟನ್ ಕೂಗಿದ.

"ಹೊಸದುರ್ಗ ರೋಡ್!"

ನನ್ನ ಕಡೆ ಒಂದು ಸಲ ತಿರುಗುತ್ತಾನೇನೋ ಎಂದುಕೊಂಡೆ. ತಿರುಗಲಿಲ್ಲ. ಚೆಂಡು ಒರೆಸಿದ, ಕ್ಯಾಪ್ಟನ್ನನ ಮೊಣಕಾಲು ಬಗ್ಗುವುದನ್ನು ಕಾದ, ಬಿಟ್ಟ. ಮುಂದಿನವನ ತಲೆ ದಾಟಿ, ಬಾಗಿ, ನಡುವೆ ಚಾಚಿದ ಕೈಗೆ ಹೋಗಿ ಇಳಿಯಿತು. ಎಂಟೂ ಜನ ಅಂಟಿಕೊಂಡರು, ತಳ್ಳಿದರು, ಗೆರೆ ದಾಟಿ ರಾಶಿಯಾಗಿ ಬಿದ್ದರು. ಗೆದ್ದೆವು.

ಅಷ್ಟರಲ್ಲಿ ಮೇಷ್ಟ್ರ ಫೋನು ಬಡಿದುಕೊಂಡಿತು. ಹೊಳಲ್ಕೆರೆಯಲ್ಲಿ ಹಿರಿಯೂರಿನವರೂ ಗೆದ್ದಿದ್ದರು. ಮೇಲಿನ ದರ್ಜೆಗೆ ಅವರು ಹೋದರು, ನಾವು ನಾಲ್ಕನೆಯ ಸಲ ಎರಡನೆಯವರಾದೆವು. ಐಮಂಗಲದ ಆ ಒಂದು ಚೆಂಡು ನಡುವೆ ಹೋಗಿದ್ದರೆ ಹೋಗುತ್ತಿದ್ದವರು ನಾವು. ಹದಿನಾಲ್ಕು ಜನ ಒಬ್ಬೊಬ್ಬರಾಗಿ ನನ್ನ ಬುಟ್ಟಿಯ ಪಕ್ಕದಿಂದ ನೀರು ಮುಟ್ಟದೆ ಹೋಗಿ ನಲ್ಲಿಯಲ್ಲಿ ಕುಡಿದರು.

ಅವನೊಬ್ಬ ಬಂದ. ಬಾಟಲಿ ಎತ್ತಿ ಗಟಗಟ ಕುಡಿದು, ಬಾಯಿ ಒರೆಸಿಕೊಂಡು ಕೇಳಿದ:

"ನಡುವೆ ಸರಿಯಾಗಿ ಬಿತ್ತಾ?"

ಅಣ್ಣ ಎನ್ನಲಿಲ್ಲ. ಹನ್ನೊಂದು ವರ್ಷದಲ್ಲಿ ಅಂಥದೊಂದು ಚೆಂಡು ನನ್ನ ಕೈಯಿಂದ ಹೋಗಿರಲಿಲ್ಲ, ಆ ಹೊತ್ತಿನಲ್ಲೂ ನನ್ನ ಹೊಟ್ಟೆ ಧಗಧಗ ಉರಿಯುತ್ತಿತ್ತು. ಅವನು ಬಾಟಲಿ ಹಿಡಿದುಕೊಂಡು ಉತ್ತರಕ್ಕೆ ಕಾಯುತ್ತಿದ್ದ.

"ಹೂಂ" ಎಂದೆ.